ಎದೆಯುಬ್ಬಿದ ದಿನಗಳು

ಫೆಬ್ರವರಿ ೧೧

ಎಡಗಡೆಯದು ಬೆಳೆದಿದೆ.

ಇದನ್ನು ಯಾರಿಗೂ ಹೇಳುವಂತಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ. ಅದಕ್ಕೇ ಈ ಪುಸ್ತಕ. ಔಷಧ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟುಹೋದದ್ದು, ಫಿಲ್ಮ್ ಡಬ್ಬಿಗಳ ಹಿಂದೆ ಬಿದ್ದಿತ್ತು. ಎಕ್ಸ್‌ರೇ ಕೋಣೆಯ ನನ್ನ ಮೇಜಿನ ಡ್ರಾಯರಿನಲ್ಲೇ ಬೀಗ ಹಾಕಿ ಇಡುತ್ತೇನೆ, ರಜೆಯ ದಿನ ಮಾತ್ರ ಊಟದ ಚೀಲದಲ್ಲಿ ಮನೆಗೆ ಒಯ್ಯುತ್ತೇನೆ.

ಬೆಳಿಗ್ಗೆ ಸ್ನಾನ ಮಾಡುವಾಗ ಎಡ ಮೊಲೆತೊಟ್ಟಿನ ಕೆಳಗೆ ಸೋಪು ತಡೆಯಿತು. ಒತ್ತಿ ನೋಡಿದೆ. ಕೋಟಿನ ಗುಂಡಿಯಷ್ಟು ಅಗಲ, ಗಟ್ಟಿ, ಒತ್ತಿದರೆ ನೋವು. ಬಲಗಡೆ ಏನೂ ಇಲ್ಲ. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತರೆ ಒಂದು ಸಣ್ಣ ದಿಬ್ಬ ಕಾಣುತ್ತದೆ. ಐವತ್ತೊಂದು ವರ್ಷದ ಗಂಡಸಿಗೆ ಹೊಟ್ಟೆ ಬರುತ್ತದೆ, ಕಿವಿಯಲ್ಲಿ ಕೂದಲು ಬರುತ್ತದೆ. ಇದು ಬರುವುದು ಎಲ್ಲಿಯ ನ್ಯಾಯ?

ಅದೂ ನನಗೆ. ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯ ತಳಮಹಡಿಯಲ್ಲಿ ಎದೆಗಳ ಚಿತ್ರ ತೆಗೆಯುತ್ತಿದ್ದೇನೆ. ಅಂಗಿ ತೆಗಿ, ಎದೆ ಒತ್ತು, ಉಸಿರು ಹಿಡಿ. ಒಂದು ಎದೆಗೆ ಎರಡು ನಿಮಿಷ. ಇಂದು ನಲವತ್ತೊಂದು ಎದೆ, ಒಂಬತ್ತು ಮಂಡಿ, ಒಂದು ದವಡೆ. ಒಬ್ಬ ಮುದುಕ ಗುಂಡಿ ಬಿಚ್ಚುವುದಕ್ಕೇ ಐದು ನಿಮಿಷ ಮಾಡಿದ. ಮುಹೂರ್ತ ನೋಡಿ ಬಿಚ್ಚುತ್ತೀಯೇನಯ್ಯ ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಫೆಬ್ರವರಿ ೧೪

ಇನ್ನೂ ಇದೆ.

ಫೆಬ್ರವರಿ ೧೯

ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿದೆ. ನನ್ನಂಥವರದೇ ಒಂದು ಲೋಕವಿದೆ. ಚಿತ್ರಗಳಲ್ಲಿ ಎಲ್ಲರೂ ಕತ್ತಿನಿಂದ ಕೆಳಗೆ, ಸೊಂಟದಿಂದ ಮೇಲೆ. ಒಬ್ಬನಿಗೂ ಮುಖವಿಲ್ಲ.

ಗಂಡಸರ ಮೈಯಲ್ಲೂ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇರುತ್ತದಂತೆ. ವಯಸ್ಸಾದಂತೆ, ಹೊಟ್ಟೆಯ ಕೊಬ್ಬು ಹೆಚ್ಚಿದಂತೆ ಅದೂ ಹೆಚ್ಚುತ್ತದಂತೆ. ಅದನ್ನು ತಗ್ಗಿಸಿದರೆ ಎದೆ ತಾನಾಗಿ ಇಳಿಯುತ್ತದೆ, ತಗ್ಗಿಸಲು ಆಸ್ಪಿರಿನ್ ಸಾಕು ಎಂದು ಒಬ್ಬ ಬರೆದಿದ್ದಾನೆ. ಬರೆದವನ ಹೆಸರಿಲ್ಲ, ಏನು ಓದಿದ್ದಾನೆಂದೂ ಇಲ್ಲ. ಆದರೆ ಎಲ್ಲೂ ‘ಇರಬಹುದು’ ಎಂಬ ಮಾತಿಲ್ಲ. ನಮ್ಮ ಡಾಕ್ಟರುಗಳು ಎರಡು ತುಂಡಾದ ಮೂಳೆಯ ಚಿತ್ರ ಕೈಯಲ್ಲಿ ಹಿಡಿದುಕೊಂಡೂ ‘ಮುರಿದಿರಬಹುದು’ ಎನ್ನುತ್ತಾರೆ. ಈತ ಹಾಗಲ್ಲ.

ಮೇಲಿನ ಮಹಡಿಗಳಲ್ಲಿ ಮೂವತ್ತು ಜನ ಡಾಕ್ಟರುಗಳಿದ್ದಾರೆ, ನಿಜ. ಹನ್ನೊಂದಕ್ಕೆ ಒಬ್ಬರಿಗೆ ಎದೆ ತೋರಿಸಿದರೆ ಹನ್ನೊಂದೂ ಕಾಲಿಗೆ ಲಿಫ್ಟಿನವನು ನನ್ನ ಎದೆ ನೋಡಿ ಮುಗುಳ್ನಗುತ್ತಾನೆ. ಅದೂ ಹೋಗಲಿ, ಡಾಕ್ಟರು ಮಾಡುವ ಮೊದಲ ಕೆಲಸ ನನ್ನನ್ನು ಪಕ್ಕದ ಕೋಣೆಗೆ ಕಳಿಸುವುದು. ಅದು ಹೆಂಗಸರ ಸ್ತನದ ಚಿತ್ರ ತೆಗೆಯುವ ಮ್ಯಾಮೊಗ್ರಾಂ ಕೋಣೆ. ನಡುವೆ ಇರುವುದು ಒಂದು ಹಲಗೆಯ ಗೋಡೆ. ಅದನ್ನು ನೋಡಿಕೊಳ್ಳುವ ಸಿಸ್ಟರ್ ಹನ್ನೊಂದು ವರ್ಷದಿಂದ ನನ್ನ ನೆರೆಯವರು. ದಿನವೂ ಒಂದೇ ಕೆಟಲಿನ ಚಹಾ ಕುಡಿಯುತ್ತೇವೆ. ಅವರ ಮುಂದೆ ಅಂಗಿ ಬಿಚ್ಚುವುದಕ್ಕಿಂತ ಊರು ಬಿಡುವುದು ಮೇಲು.

ಬೆಳಿಗ್ಗೆ ಒಂದು, ಸಂಜೆ ಒಂದು. ಇವತ್ತಿನಿಂದಲೇ ಶುರು.

ಫೆಬ್ರವರಿ ೨೭

ಭಾನುವಾರದ ಊಟಕ್ಕೆ ಭಾವಮೈದ ಬಂದಿದ್ದ. ನನ್ನವಳ ತಮ್ಮ. ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಾನೆ, ಫಿಲ್ಟರ್ ಬೇಡ ಎಂದವರಿಗೆ ಆರೋಗ್ಯದ ಸಲಹೆಯನ್ನಾದರೂ ಕೊಟ್ಟೇ ಎದ್ದು ಬರುತ್ತಾನೆ. ಅಕ್ಕ ಒಳಗೆ ಹೋದದ್ದು ನೋಡಿ, ನನ್ನ ಸ್ನೇಹಿತನೊಬ್ಬನಿಗೆ ಹೀಗಾಗಿದೆ, ಆಸ್ಪಿರಿನ್ ನುಂಗುತ್ತಿದ್ದಾನೆ ಎಂದು ಮೆಲ್ಲಗೆ ಬಾಯಿಬಿಟ್ಟೆ. ಅವನ ಮುಖ ಬೆಳಗಿತು. ಇಂಥ ಕಾಯಿಲೆಗಾಗಿ ವರ್ಷಗಳಿಂದ ಕಾದಿದ್ದವನಂತೆ ಕುರ್ಚಿ ಹತ್ತಿರ ಎಳೆದುಕೊಂಡ.

ಆಸ್ಪಿರಿನ್ ಒಳ್ಳೆಯದೇ, ಆದರೆ ಪ್ಲಾಸ್ಟಿಕ್ಕು, ಸೋಪುಗಳಿಂದ ಮೈಯೊಳಗೆ ಬರುವ ಈಸ್ಟ್ರೋಜನ್ನಿಗೆ ಬಾಗಿಲು ಮುಚ್ಚದೆ ಬರೀ ಮಾತ್ರೆ ನುಂಗಿದರೆ ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ ಎಂದ. ಪ್ಲಾಸ್ಟಿಕ್ ಡಬ್ಬಿ ಬೇಡ, ಪ್ಲಾಸ್ಟಿಕ್ ಬಾಟಲಿ ಬೇಡ, ಸೋಯಾ ಬೇಡ, ಘಮಘಮಿಸುವ ಸೋಪು ಬೇಡ, ಯಂತ್ರದಿಂದ ಮುದ್ರಣವಾಗಿ ಬರುವ ನುಣುಪು ಚೀಟಿಗಳನ್ನು ಮುಟ್ಟಲೇಬಾರದು. ಹಸಿ ಎಲೆಕೋಸು, ಅಣಬೆ ಎಷ್ಟು ತಿಂದರೆ ಅಷ್ಟು ಒಳ್ಳೆಯದು. ಹೊರಡುವಾಗ ಬಾಗಿಲಲ್ಲಿ ನನ್ನ ತೋಳು ಹಿಡಿದು, ಪಾಪ ಆ ಸ್ನೇಹಿತನಿಗೆ ಧೈರ್ಯ ಹೇಳಿ ಭಾವ, ಎದೆಗುಂದಬಾರದು ಎನ್ನಿ, ಎಂದ. ಎದೆ ಕುಂದಿದ್ದರೆ ನಾನು ಇವನ ಮಾತನ್ನೇಕೆ ಕೇಳುತ್ತಿದ್ದೆ?

ಮಾರ್ಚ್ ೫

ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ಹೊರಗಿಟ್ಟೆ. ಬಾಲ್ದಿಯೂ ಹೋಯಿತು. ನನ್ನವಳು ಬಂದು ನೋಡಿದಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವನ ಪಕ್ಕದಲ್ಲಿ ಕುಳಿತಾಗ ಅವಳ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಎಷ್ಟೋ ಸಲ ಮನೆಯಲ್ಲೂ ಅವಳ ಬಲಗಾಲು ನೆಲ ಒತ್ತುವುದನ್ನು ನೋಡಿದ್ದೇನೆ. ಇವತ್ತು ಒತ್ತಿತು. ಉಪ್ಪನ್ನು ಎಲ್ಲಿ ಸುರಿದಿದ್ದೀರಿ ಎಂದು ಮಾತ್ರ ಕೇಳಿದಳು. ಹೂದಾನಿಯಲ್ಲಿ ಎಂದೆ.

ಆಸ್ಪತ್ರೆಯಲ್ಲೂ ಕಷ್ಟ. ರೋಗಿಗಳು ತರುವ ಟೋಕನ್ ಚೀಟಿ ಅದೇ ನುಣುಪು ಕಾಗದದ್ದು. ಡ್ರೆಸ್ಸಿಂಗ್ ಕೋಣೆಯಿಂದ ಒಂದು ಚಿಮಟ ತಂದು, ಅದರಲ್ಲೇ ಚೀಟಿ ತೆಗೆದುಕೊಳ್ಳುತ್ತಿದ್ದೇನೆ. ಚಿಮಟ ಕಂಡದ್ದೇ ತಡ, ಚೀಟಿ ಕೊಟ್ಟವನ ಹಿಂದಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಅವನಿಗೆ ಎಂಥ ಅಂಟುರೋಗವೋ ಎಂದುಕೊಂಡಿರಬೇಕು. ಆ ಮನುಷ್ಯ ಸಪ್ಪಗಾಗಿ, ನಂಗೇನಾಗಿದೆ ಸಾರ್ ಎಂದ. ಹೀಗೆ ಹದಿನೇಳು ಜನ ಕೇಳಿದರು. ನಿಮಗೇನೂ ಇಲ್ಲ, ನನಗೆ ಚೀಟಿ ಆಗುವುದಿಲ್ಲ ಎಂದು ಹೇಳಿ ಹೇಳಿ ಬಾಯಿ ನೋವು ಬಂತು.

ಮೂವತ್ತಮೂರು ಎದೆ.

ಮಾರ್ಚ್ ೧೨

ಹೊಟ್ಟೆಯಲ್ಲಿ ಕೆಂಡ ಸುರಿದಂತೆ. ಎಲೆಕೋಸಿನಿಂದ ಇರಬೇಕು. ಸ್ನೇಹಿತನಿಗೆ ಹೊಟ್ಟೆ ಉರಿಯುತ್ತಿದೆಯಂತೆ ಎಂದು ನಾನು ಹೇಳಿದ್ದಕ್ಕೆ ಭಾವಮೈದ ಎರಡು ಪಟ್ಟಿ ಮಾತ್ರೆ ತಂದುಕೊಟ್ಟ. ಹಳೆಯ ಕಾಲದ ಹೊಟ್ಟೆಯುರಿ ಮಾತ್ರೆ, ಈಗಿನವುಗಳಂತೆ ಸಪ್ಪೆಯಲ್ಲ, ನಮ್ಮ ತಾತನಿಗೆ ಇದೇ ಆಗಬೇಕಿತ್ತು ಎಂದ. ಉರಿ ನಿಜಕ್ಕೂ ಇಳಿಯಿತು. ಧೈರ್ಯ ಬಂದು ಆಸ್ಪಿರಿನ್ ನಾಲ್ಕಕ್ಕೆ ಏರಿಸಿದೆ.

ಏಪ್ರಿಲ್ ೬

ಬಲಗಡೆಯೂ ಹೊರಟಿದೆ.

ಏಪ್ರಿಲ್ ೯

ಎಡಗಡೆಯದು ಮಾತ್ರವಿದ್ದಾಗ ಗಡ್ಡೆಯೇನೋ ಎಂಬ ಹೆದರಿಕೆ ಇತ್ತು. ಎರಡೂ ಕಡೆ ಆದಮೇಲೆ ಹೆದರಿಕೆ ಹೋಗಿ ಬರೀ ನಾಚಿಕೆ ಉಳಿದಿದೆ. ಯಾವುದು ವಾಸಿ ಎಂದು ತಿಳಿಯುವುದಿಲ್ಲ. ಮೆಟ್ಟಿಲು ಇಳಿಯುವಾಗ ಅವು ನನ್ನ ಹಿಂದೆ ಅರ್ಧ ಕ್ಷಣ ತಡವಾಗಿ ಇಳಿಯುತ್ತವೆ.

ಮೂಳೆ ವಿಭಾಗದಿಂದ ಆರಿಂಚು ಅಗಲದ ಕ್ರೇಪ್ ಬ್ಯಾಂಡೇಜ್ ತಂದೆ. ಶೌಚಾಲಯದಲ್ಲಿ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಂಕುಳಲ್ಲಿ ಹಿಡಿದು, ಬುಗುರಿಗೆ ಚಾಟಿ ಸುತ್ತಿದಂತೆ ನಾನೇ ಸುತ್ತಿ ಸುತ್ತಿ ಬಾಗಿಲ ಹತ್ತಿರ ಬಂದೆ. ಅಂಗಿ ಹಾಕಿದರೆ ಮೊದಲಿನ ನಾನೇ. ಉಸಿರು ಮಾತ್ರ ಮುಕ್ಕಾಲು ಬರುತ್ತದೆ.

ರಾತ್ರಿ ಅಂಗಿ ಹಾಕಿಕೊಂಡೇ ಮಲಗುತ್ತಿದ್ದೇನೆ. ಚಳಿ ಎಂದಿದ್ದೇನೆ. ಫ್ಯಾನ್ ಮೂರರಲ್ಲಿ ತಿರುಗುತ್ತಿರುತ್ತದೆ.

ಏಪ್ರಿಲ್ ೧೫

ನನ್ನ ಕೋಣೆಯ ಮೂಲೆಗೊಂದು ಪರದೆ ಹಾಕಿಸಿದೆ. ಕಾರಿಡಾರಿನಿಂದ ಗಾಳಿ ಬಹಳ ಬರುತ್ತದೆ, ಕಾಗದಗಳು ಹಾರುತ್ತವೆ. ರೋಗಿಗಳು ಅದರ ಹಿಂದೆ ನಿಂತು ಅಂಗಿ ಬದಲಿಸುತ್ತಿದ್ದಾರೆ. ಬದಲಿಸಿಕೊಳ್ಳಲಿ, ಪರದೆ ಹೇಗೂ ಇದೆ.

ಸಿಸ್ಟರ್ ಇಣುಕಿ ನೋಡಿ, ಯಾರಾದರೂ ದೊಡ್ಡವರು ತಪಾಸಣೆಗೆ ಬರುತ್ತಾರೇನು ಎಂದು ಕೇಳಿದರು.

ಏಪ್ರಿಲ್ ೨೪

ಇವತ್ತಿನ ಊಟ ನೆನೆದರೆ ಈಗಲೂ ಬೆವರುತ್ತೇನೆ. ಭಾವಮೈದ ಬಂದವನೇ ಅಕ್ಕನ ಎದುರಿಗೇ, ಭಾವ, ಸ್ನೇಹಿತನ ಎದೆ ಹೇಗಿದೆ ಎಂದ. ನನ್ನ ಬಾಯಲ್ಲಿದ್ದ ಅಣಬೆ ಅಲ್ಲೇ ನಿಂತಿತು. ನನ್ನವಳು ಬಡಿಸುವುದನ್ನು ನಿಲ್ಲಿಸಿ ಯಾವ ಸ್ನೇಹಿತ ಎಂದಳು. ಅವನು ಎಲ್ಲವನ್ನೂ ಹೇಳಿದ. ನನಗೇ ಮರೆತಿದ್ದ ವಿವರಗಳನ್ನೂ ಹೇಳಿದ. ಕೈಯಲ್ಲಿ ಅಳತೆ ಮಾಡಿ ತೋರಿಸಿದ.

ಅವಳು ಗಮನವಿಟ್ಟು ಕೇಳಿದಳು. ಆ ಸ್ನೇಹಿತ ಡಾಕ್ಟರಿಗೆ ತೋರಿಸಿದ್ದಾನೆಯೇ ಎಂದಳು. ನಾಚಿಕೆಯ ಸ್ವಭಾವದವನು ಎಂದೆ. ಹೆಂಡತಿಗಾದರೂ ಹೇಳಿದ್ದಾನೆಯೇ ಎಂದಳು. ಅವಳು ಗಾಬರಿಯಾಗುತ್ತಾಳೆ ಎಂದು ಹೇಳಿಲ್ಲ ಎಂದೆ. ಹೌದಾ, ಎಂದು ನನ್ನ ತಟ್ಟೆಗೆ ಇನ್ನಷ್ಟು ಎಲೆಕೋಸು ಹಾಕಿದಳು.

ಮೇ ೮

ಆಸ್ಪಿರಿನ್ ಐದು. ಹೊಟ್ಟೆಯ ಮಾತ್ರೆ ಮೂರು. ಎದೆ ಇಳಿಯುವ ಲಕ್ಷಣವೇ ಇಲ್ಲ. ಏರುತ್ತಿದೆ ಎಂದು ಬರೆಯಲು ಮನಸ್ಸಾಗುವುದಿಲ್ಲ, ಆದರೂ ಬರೆದಿದ್ದೇನೆ.

ಇವತ್ತು ಸಂಗೀತ ಕಲಿಸುವ ಮುದುಕಿಯೊಬ್ಬರು ಬಂದಿದ್ದರು. ಎದೆ ಒತ್ತಿ ನಿಲ್ಲುವ ಪ್ಲೇಟು ಮಂಜಿನಂತಿದೆ ಎಂದು ಹಿಂದೆ ಸರಿದರು. ನನ್ನ ಎರಡೂ ಅಂಗೈಯನ್ನು ಅದರ ಮೇಲಿಟ್ಟು ಬೆಚ್ಚಗೆ ಮಾಡಿದೆ. ಮೈ ನಡುಗಿದರೆ ಚಿತ್ರ ಮಸುಕಾಗುತ್ತದೆ, ಅದಕ್ಕೆ. ಹತ್ತು ನಿಮಿಷವಾದರೂ ಬೆಚ್ಚಗಾಗಲಿಲ್ಲ, ಅವರೂ ಕೈಯಿಟ್ಟರು. ನಾಲ್ಕು ಕೈ ಇಟ್ಟುಕೊಂಡು ಸುಮ್ಮನೆ ನಿಂತಿರುವುದು ಹೇಗೆ, ಅದಕ್ಕೆ ಮಾತಾಡಿದೆವು. ಕೆಮ್ಮಿನಿಂದಾಗಿ ಮೇಲಿನ ಸ್ವರ ಹಿಡಿಯಲು ಆಗುತ್ತಿಲ್ಲವಂತೆ, ಪಾಠಕ್ಕೆ ಬರುವವರು ಸಭ್ಯತೆಯಿಂದ ಕೆಳಗಿನ ಸ್ವರವನ್ನೇ ಹಾಡುತ್ತಿದ್ದಾರಂತೆ.

ಎಷ್ಟು ಜನ ಬಂದಿದ್ದರೆಂದು ಎಣಿಸಲು ಮರೆತೆ.

ಮೇ ೨೩

ಆಸ್ಪಿರಿನ್ ಆರು. ಮೂಗಿನಲ್ಲಿ ರಕ್ತ. ಬಿಸಿಲಿಗೆ ಇರಬೇಕು. ಮಲ ಡಾಂಬರಿನಂತೆ ಕಪ್ಪಗಿದೆ. ಅಣಬೆ.

ಜೂನ್ ೬, ಮೂರನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ

ಮೂರನೆಯ ತಾರೀಖು ಬೆಳಿಗ್ಗೆ ಒಬ್ಬ ಬಡಗಿಯ ಎದೆಯ ಚಿತ್ರ ತೆಗೆಯುತ್ತಿದ್ದೆ. ಉಸಿರು ಹಿಡೀರಿ ಎಂದದ್ದು ನೆನಪಿದೆ. ಬಿಡಿ ಎನ್ನುವ ಮೊದಲೇ ನಾನು ಬಿದ್ದೆನಂತೆ. ಪಾಪ ಆ ಬಡಗಿ ನಾನು ಹೇಳುವವರೆಗೂ ಬಿಡಬಾರದೆಂದು ಮುಖ ನೀಲಿಯಾಗುವವರೆಗೆ ಉಸಿರು ಹಿಡಿದುಕೊಂಡು ನಿಂತಿದ್ದನಂತೆ.

ಸದ್ದು ಕೇಳಿ ಗೋಡೆಯಾಚೆಯಿಂದ ಸಿಸ್ಟರ್ ಓಡಿ ಬಂದರು. ಅಂಗಿ ಕತ್ತರಿಸಿದರು. ಒಳಗೆ ಹೊಟ್ಟೆಯಿಂದ ಕಂಕುಳವರೆಗೆ ಬ್ಯಾಂಡೇಜ್. ಪಕ್ಕೆಲುಬು ಮುರಿದಿದೆ, ಯಾರಿಗೂ ಹೇಳದೆ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡು ಕಣ್ಣೀರು ಹಾಕುತ್ತ, ನನ್ನನ್ನು ನನ್ನದೇ ಯಂತ್ರದ ಕೆಳಗೆ ಮಲಗಿಸಿ ಚಿತ್ರ ತೆಗೆಸಿದರು. ಎರಡನೇ ಪಾಳಿಯವನು ತೆಗೆದದ್ದು. ನಿನ್ನೆ ತರಿಸಿ ನೋಡಿದೆ. ಭುಜ ಓರೆಯಾಗಿದೆ, ಉಸಿರು ಅರ್ಧ. ನಾನಾಗಿದ್ದರೆ ಮತ್ತೊಮ್ಮೆ ತೆಗೆಯುತ್ತಿದ್ದೆ.

ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಹರಿದಿತ್ತು. ಮೂರು ಯೂನಿಟ್ ರಕ್ತ ಏರಿಸಿದರು. ಪ್ಲಾಸ್ಟಿಕ್ ಚೀಲದಿಂದ ಏರಿಸಿದರು. ನಾನು ಆಕ್ಷೇಪಿಸಲಿಲ್ಲ.

ನಿವೃತ್ತಿಗೆ ಹತ್ತಿರವಿರುವ ಡಾಕ್ಟರಮ್ಮ ಬಂದು, ನಾನು ದಿನಕ್ಕೆ ಏನೇನು ನುಂಗುತ್ತಿದ್ದೆ ಎಂದು ಪಟ್ಟಿ ಬರೆದುಕೊಂಡರು. ಆರು ಆಸ್ಪಿರಿನ್ ಯಾತಕ್ಕೆ ಎಂದರು. ತಲೆನೋವು ಎಂದೆ.

“ತಲೆನೋವಿಗೆ ಎದೆಗೆ ಬ್ಯಾಂಡೇಜ್ ಸುತ್ತೋದನ್ನ ನಲವತ್ತು ವರ್ಷದಲ್ಲಿ ಇವತ್ತೇ ನೋಡ್ತಿರೋದು,” ಎಂದರು.

ಆಮೇಲೆ ಎಲ್ಲ ಹೇಳಿದೆ. ಸ್ನೇಹಿತನ ಹೆಸರು ತೆಗೆಯಲಿಲ್ಲ. ಅವರು ನಗಲಿಲ್ಲ. ಕುರ್ಚಿ ಎಳೆದು ಕುಳಿತು, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. “ಆಸ್ಪಿರಿನ್ ನಿಮ್ಮ ಎದೆಗೆ ಏನೂ ಮಾಡಿಲ್ಲ, ಹೊಟ್ಟೆನ ಮಾತ್ರ ಕೊರೆದಿದೆ. ಆ ಉರಿಗೆ ಅಂತ ತಗೊಂಡ್ರಲ್ಲ ಹಳೇ ಮಾತ್ರೆ, ಅದು ಗಂಡಸರಿಗೆ ಎದೆ ಬೆಳೆಸುತ್ತೆ. ಎದೆ ಬೆಳೀತು ಅಂತ ಆಸ್ಪಿರಿನ್ ಜಾಸ್ತಿ ಮಾಡಿದ್ರಿ. ಆಸ್ಪಿರಿನ್ ಜಾಸ್ತಿ ಆಯ್ತು ಅಂತ ಆ ಮಾತ್ರೆ ಜಾಸ್ತಿ ಮಾಡಿದ್ರಿ.”

ಅಂದರೆ ಮೂರು ತಿಂಗಳು ನಾನು ಒಂದು ಕೈಯಲ್ಲಿ ಬೆಂಕಿಗೆ ನೀರು ಹಾಕಿ, ಇನ್ನೊಂದು ಕೈಯಲ್ಲಿ ಎಣ್ಣೆ ಹುಯ್ಯುತ್ತಿದ್ದೆ. ನೀರು ಎಂದುಕೊಂಡದ್ದೂ ನೀರಾಗಿರಲಿಲ್ಲ.

ಎರಡನ್ನೂ ನಿಲ್ಲಿಸಿದರೆ ಬಲಗಡೆಯದು ಇಳಿಯಬಹುದು ಎಂದರು. ಎಡಗಡೆಯ ಗಂಟು ಈ ಮಾತ್ರೆಗಳಿಗಿಂತ ಮೊದಲೇ ಇತ್ತಲ್ಲ, ನನ್ನ ವಯಸ್ಸಿನ ಎಷ್ಟೋ ಗಂಡಸರಿಗೆ ಏನೂ ಕಾರಣವಿಲ್ಲದೆ ಹಾಗಾಗುತ್ತದೆ, ಆದರೆ ಕ್ಯಾನ್ಸರ್ ಗಂಡಸರಿಗೂ ಅಪರೂಪಕ್ಕೆ ಬರುತ್ತದೆ, ನೋಡದೆ ಬಿಡುವಂತಿಲ್ಲ ಎಂದರು. ‘ಬಹುದು’ ಎಂಬ ಮಾತು ನಾಲ್ಕು ಸಲ ಬಂತು. ಈ ಸಲ ಪ್ರತಿಯೊಂದನ್ನೂ ಗಮನವಿಟ್ಟು ಕೇಳಿದೆ.

ಮಧ್ಯಾಹ್ನ ನನ್ನವಳು ಒಬ್ಬಳೇ ಇದ್ದಳು. ಕಿತ್ತಳೆ ಸುಲಿಯುತ್ತಿದ್ದಳು. ಹೇಗೆ ಶುರು ಮಾಡಲಿ ಎಂದು ನಾನು ಸೂರು ನೋಡುತ್ತಿದ್ದೆ.

“ನಿಮ್ಮ ಸ್ನೇಹಿತರಿಗೆ ಒಂದು ಮಾತು ಹೇಳಿ,” ಎಂದಳು.

“ಏನಂತ?”

“ಅವರ ಹೆಂಡತಿಗೆ ಫೆಬ್ರವರಿಯಿಂದಲೇ ಗೊತ್ತು ಅಂತ.”

ಇಪ್ಪತ್ತಾರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೇವೆ, ನನಗೆ ಕಣ್ಣಿಲ್ಲವಾ, ಕೈಯಿಲ್ಲವಾ ಎಂದಳು. ಇವತ್ತು ಹೇಳುತ್ತೀರಿ, ನಾಳೆ ಹೇಳುತ್ತೀರಿ ಎಂದು ಕಾದಳಂತೆ. ಕಾರು ಕಲಿಯುವವರು ಗೋಡೆಗೆ ಗುದ್ದುವ ಮುಂಚೆ ತಾವಾಗಿ ಬ್ರೇಕ್ ಹಾಕುತ್ತಾರೇನೋ ಎಂದು ಕೊನೆಯ ಕ್ಷಣದವರೆಗೆ ಕಾಯುತ್ತಾಳಂತೆ. “ಈ ಸಲ ನಾನು ಒತ್ತೋದು ತಡ ಆಯ್ತು,” ಎಂದಳು. ಕಿತ್ತಳೆಯ ತೊಳೆಗಳ ಬೀಜವನ್ನು ಒಂದೊಂದಾಗಿ ತೆಗೆದು ಕೊಟ್ಟಳು. ಬೀಜ ತೆಗೆದು ಕೊಡುವಂಥ ಕಾಯಿಲೆ ನನ್ನದಲ್ಲ, ಆದರೂ ತಿಂದೆ.

ಜೂನ್ ೧೪

ಇವತ್ತು ಪಕ್ಕದ ಕೋಣೆ.

ಮೊದಲು ಅರ್ಜಿ ತುಂಬಬೇಕು. ಕೊನೆಯ ಮುಟ್ಟಿನ ದಿನಾಂಕ. ಎಷ್ಟು ಹೆರಿಗೆ. ಎದೆಹಾಲು ಕುಡಿಸಿದ್ದೀರಾ, ಎಷ್ಟು ತಿಂಗಳು. ಎಲ್ಲಕ್ಕೂ ಗೀಟು ಹಾಕಿ ಕೊಟ್ಟೆ. ಕಂಪ್ಯೂಟರ್ ಒಪ್ಪಲಿಲ್ಲ. ಮುಟ್ಟಿನ ದಿನಾಂಕವಿಲ್ಲದೆ ಮುಂದಿನ ಪುಟಕ್ಕೆ ಹೋಗುವುದೇ ಇಲ್ಲವಂತೆ. ಸಿಸ್ಟರ್ ತುಂಬ ಹೊತ್ತು ಯೋಚಿಸಿ, ನಾನು ಈ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ದಿನಾಂಕ ಕೇಳಿ ಅದನ್ನೇ ಹಾಕಿದರು. ಯಂತ್ರಕ್ಕೆ ಸಮಾಧಾನವಾಯಿತು. ನನ್ನ ಹೆಸರಿನ ಹಿಂದೆ ‘ಶ್ರೀಮತಿ’ ಎಂದು ತಾನೇ ಸೇರಿಸಿಕೊಂಡು ಚೀಟಿ ಕೊಟ್ಟಿತು. ಕೈಯಲ್ಲೇ ತೆಗೆದುಕೊಂಡೆ.

ಹೂಹೂವಿನ ಗೌನು ಹಾಕಿಕೊಂಡು ಬೆಂಚಿನ ಮುಂದೆ ನಿಂತೆ. ಆರು ಜನ ಹೆಂಗಸರು, ಎಲ್ಲರೂ ಅದೇ ಹೂವಿನ ಗೌನಿನಲ್ಲಿ. ಮಾತು ನಿಂತಿತು. ತುದಿಯಲ್ಲಿದ್ದವರು ನಿವೃತ್ತ ಪೋಸ್ಟ್‌ಮಾಸ್ಟರ್ ಅಮ್ಮ ಎಂದು ಆಮೇಲೆ ತಿಳಿಯಿತು. ಅವರು ಸರಿದು ಜಾಗ ಮಾಡಿ, ಗೌನು ಹಿಂದುಮುಂದಾಗಿದೆ, ದಾರ ಮುಂದಕ್ಕೆ ಬರಬೇಕು ಎಂದರು. ನಿಂತಲ್ಲೇ ತಿರುಗಿಸಿ ಹಾಕಿಕೊಳ್ಳುವಾಗ ಮೂವರು ಗೋಡೆಯ ಕಡೆ ನೋಡಿದರು, ಇಬ್ಬರು ನೋಡಲಿಲ್ಲ.

ಆಮೇಲೆ ಮಾತು ಮುಂದುವರಿಯಿತು. ನಾನಿಲ್ಲದಂತೆ ಅಲ್ಲ, ನಾನೂ ಇರುವಂತೆ. ಒಬ್ಬರಿಗೆ ಇದು ಎಂಟನೆಯ ಸಲ. ಒಂದು ಕಡೆಯದನ್ನು ತೆಗೆದುಹಾಕಿದ್ದಾರೆ, ಇನ್ನೊಂದನ್ನು ಕಾಯುತ್ತಿದ್ದಾರೆ. ಮಳೆ ಬರುವ ಮುಂಚೆ ಆ ಕಡೆ ಇಲ್ಲದ ಜಾಗ ನೋಯುತ್ತದಂತೆ. ಅದರಿಂದ ಅವರ ಓಣಿಯವರೆಲ್ಲ ಬಟ್ಟೆ ಒಣಹಾಕುವ ಮುಂಚೆ ಅವರನ್ನು ಕೇಳುತ್ತಾರಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇಪ್ಪತ್ತೆರಡು ವರ್ಷ ನನ್ನ ಕೋಣೆಯ ಹೊರಗೆ ಗಂಡಸರು ಸಾಲಿನಲ್ಲಿ ಕೂತಿದ್ದಾರೆ, ಒಬ್ಬರಿಗೊಬ್ಬರು ಗಂಟೆ ಎಷ್ಟು ಎಂಬುದರ ಹೊರತು ಬೇರೇನನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

ಆಗ ಪೋಸ್ಟ್‌ಮಾಸ್ಟರ್ ಅಮ್ಮ ಗೋಡೆಯ ಕಡೆ ಬೆರಳು ತೋರಿಸಿದರು. “ಇವತ್ತೇನು ಆ ಕಡೆ ನಿಶ್ಶಬ್ದ? ಒಬ್ಬ ಗದರ್ತಾ ಇರ್ತಾನಲ್ಲ, ಬಿಚ್ಚು, ಒತ್ತು, ಹಿಡಿ ಅಂತ. ಅವನ ದನಿ ಕೇಳಿದ್ರೆ ನಮಗೆ ಇಲ್ಲೇ ಉಸಿರು ನಿಲ್ಲುತ್ತೆ.”

ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿದರು.

“ಅವನು ರಜೆ ಮೇಲಿದ್ದಾನಮ್ಮ,” ಎಂದೆ.

ಒಳಗೆ ಎರಡು ಹಲಗೆಗಳ ನಡುವೆ ನನ್ನ ಎಡಗಡೆಯದನ್ನು ಇಟ್ಟು ಒತ್ತಿದರು. ಇರುವುದು ಅಷ್ಟೇ ಆದ್ದರಿಂದ ಹಿಡಿದಿಡಲು ಸಿಸ್ಟರ್ ಪಾಡುಪಟ್ಟರು. ನೋವು ಎಂದರೆ ನೋವು. ಉಸಿರು ಹಿಡಿಯಿರಿ ಎನ್ನುವ ಬದಲು, ಈಗ ಒಂದು ಕ್ಷಣ ನಾವಿಬ್ಬರೂ ಉಸಿರಾಡುವುದು ಬೇಡ ಸರ್, ಎಂದರು. ಅವರು ಹಾಗೆ ಹೇಳುವುದನ್ನು ಗೋಡೆಯ ನನ್ನ ಕಡೆಯಿಂದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲವಲ್ಲ. ಹಲಗೆಯ ಗೋಡೆ ಒಂದೇ ಕಡೆಯಿಂದ ಕೇಳಿಸುತ್ತದೋ ಏನೋ.

ಚಿತ್ರದಲ್ಲಿ ಒಂದು ಮೂಲೆ ಸ್ಪಷ್ಟವಿಲ್ಲವಂತೆ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಒಂದು ವಾರ.

ಜೂನ್ ೧೬

ಭಾವಮೈದ ಬಂದಿದ್ದ. ಹೊಸ ಮದ್ದು ಹೇಳಲು ಬಾಯಿ ತೆರೆದ. ನನ್ನವಳು ಅವನನ್ನು ನೋಡಿದಳು. ನೀರು ಕುಡಿದು ಹೋದ.

ಜೂನ್ ೧೮

ನಿದ್ದೆಯಿಲ್ಲ. ಮನೆಗೆ ಬಂದಮೇಲೆ ಅಂಗಿ ತೆಗೆದು ಮಲಗುತ್ತಿದ್ದೇನೆ. ಅವಳ ಕೈ ಎದೆಯ ಮೇಲೆ ಬಂದಾಗ ಸರಿಸಲಿಲ್ಲ.

ಜೂನ್ ೧೯

ಆಸ್ಪತ್ರೆಗೆ ಹೋಗಿ, ಪೋಸ್ಟ್‌ಮಾಸ್ಟರ್ ಅಮ್ಮನದು ಏನಾಯಿತು ಎಂದು ಸಿಸ್ಟರನ್ನು ಕೇಳಿದೆ. ಎಲ್ಲ ಸರಿಯಿದೆಯಂತೆ. ಎಂಟನೆಯ ಸಲದವರದು? ಸಿಸ್ಟರ್ ತಲೆ ಅಲ್ಲಾಡಿಸಿ ಚಹಾ ಬಗ್ಗಿಸಿದರು. ಆಮೇಲೆ ಇಬ್ಬರೂ ಕುಡಿಯದೆ ಕುಳಿತಿದ್ದೆವು.

ಜೂನ್ ೨೧

ಕ್ಯಾನ್ಸರ್ ಅಲ್ಲ.

ನನ್ನವಳಿಗೆ ಫೋನು ಮಾಡಿದೆ. ಪಾಠದ ಮಧ್ಯೆ ಇದ್ದಳು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಂದು ಕಲಿಯುವವರಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಅಳುತ್ತಿದ್ದಳು ಎಂದು ತೋರುತ್ತದೆ. ಹಿಂದಿನಿಂದ ಒಂದು ಲಾರಿ ಹಾರನ್ ಹೊಡೆಯುತ್ತಲೇ ಇತ್ತು.

ಜುಲೈ ೧೦

ಕೆಲಸಕ್ಕೆ ಹಿಂತಿರುಗಿ ಎರಡು ವಾರ. ಬಲಗಡೆಯದು ಬಹುತೇಕ ಇಳಿದಿದೆ. ಎಡಗಡೆಯದು ಅಲ್ಲೇ ಇದೆ. ಬೇಕಾದರೆ ಚಿಕ್ಕ ಆಪರೇಷನ್ ಮಾಡಿ ತೆಗೆಯಬಹುದು, ಅವಸರವಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನೋಡೋಣ ಎಂದಿದ್ದೇನೆ. ಬ್ಯಾಂಡೇಜನ್ನು ಒಗೆದು ಮೂಳೆ ವಿಭಾಗಕ್ಕೆ ಕೊಟ್ಟೆ.

ನಿಧಾನವಾಗಿ ಕೆಲಸ ಮಾಡುತ್ತೇನೆಂದು ಮೇಲಿನವರಿಂದ ಒಂದು ನೋಟೀಸು ಬಂದಿದೆ. ಹಿಂದೆ ಒಬ್ಬರಿಗೆ ಎರಡು ನಿಮಿಷ ಆಗುತ್ತಿತ್ತು, ಈಗ ಆರು ಆಗುತ್ತಿದೆಯಂತೆ. ಯಂತ್ರ ಹಳೆಯದಾಯಿತು ಎಂದು ಉತ್ತರ ಬರೆದೆ.

ಆಗಸ್ಟ್ ೨

ಪೊಲೀಸರಿಗೆ ವಾರ್ಷಿಕ ತಪಾಸಣೆ ನಡೆಯುತ್ತಿದೆ. ಬೆಳಿಗ್ಗೆ ಹನ್ನೆರಡು ಜನ ಬಂದಿದ್ದರು. ಅವರಲ್ಲಿ ಒಬ್ಬ ಹೆಡ್ ಕಾನ್‌ಸ್ಟೆಬಲ್, ಆರಡಿ ಆಳು, ಬಾಗಿಲು ತುಂಬುವಂಥ ಮೈ, ಮೀಸೆ ಎರಡೂ ಕೆನ್ನೆ ದಾಟಿದೆ. ತನ್ನ ಸರದಿ ಬಂದಾಗಲೆಲ್ಲ ಹಿಂದಿನವನನ್ನು ಮುಂದೆ ಬಿಡುತ್ತಿದ್ದ. ಹನ್ನೊಂದು ಜನ ಮುಗಿದು ಅವನೊಬ್ಬನೇ ಉಳಿದ. ಫೈಲನ್ನು ಎದೆಗೆ ಅವುಚಿ ಹಿಡಿದಿದ್ದ.

ಪರದೆಯ ಹಿಂದೆ ಹೋದವನು ಹೊರಗೆ ಬರಲಿಲ್ಲ. ಐದು ನಿಮಿಷ ಕಾದೆ. ಆಮೇಲೆ ಒಳಗಿನಿಂದಲೇ ದನಿ ಬಂತು. ಅಂಗಿ ಹಾಕಿಕೊಂಡೇ ತೆಗೆಯಲು ಬರುವುದಿಲ್ಲವೇ ಎಂದ. ಗುಂಡಿಗಳು ಚಿತ್ರದಲ್ಲಿ ಬರುತ್ತವೆ ಎಂದೆ. ಗುಂಡಿ ಕಿತ್ತು ಹಾಕುತ್ತೇನೆ ಎಂದ. ಆಮೇಲೆ, ಎರಡು ವರ್ಷದಿಂದ ತಪ್ಪಿಸಿಕೊಂಡಿದ್ದೇನೆ ಸಾರ್, ಈ ಸಲ ಆಗಲಿಲ್ಲ, ಎಂದ. ಕಳ್ಳರು ಅವನ ಮುಂದೆ ಹೇಳುವ ಮಾತನ್ನು ಅವನು ನನ್ನ ಮುಂದೆ ಹೇಳಿದ ಹಾಗಿತ್ತು.

ನನಗೆ ಅರ್ಥವಾಯಿತು. ಬಾಗಿಲ ಮೇಲಿನ ಕೆಂಪು ದೀಪ ಹಾಕಿದೆ, ಅದು ಉರಿಯುವಾಗ ಯಾರೂ ಬರುವುದಿಲ್ಲ. ನನ್ನ ಅಂಗಿ, ಬನಿಯನ್ ತೆಗೆದು ಮೇಜಿನ ಮೇಲಿಟ್ಟು, ಈ ಕಡೆ ಬನ್ನಿ ಎಂದೆ.

ಪರದೆ ಸರಿಸಿ ಇಣುಕಿದ. ನನ್ನ ಎಡಗಡೆ ನೋಡಿದ, ಬಲಗಡೆ ನೋಡಿದ, ಮತ್ತೆ ಎಡಗಡೆ ನೋಡಿದ. ಠಾಣೆಯಲ್ಲಿ ಸಾಕ್ಷಿ ನೋಡುವ ಹಾಗೆ. ಆಮೇಲೆ ಅವನೂ ಹೊರಗೆ ಬಂದ. ನನ್ನದಕ್ಕಿಂತ ಬಹಳ ದೊಡ್ಡದು, ಎರಡೂ ಕಡೆ.

ಅಷ್ಟರಲ್ಲಿ ಸಿಸ್ಟರ್ ಯಾವುದೋ ಫಿಲ್ಮಿಗಾಗಿ ಬಾಗಿಲು ತೆರೆದರು. ಕೆಂಪು ದೀಪ ಇದ್ದರೂ ತೆರೆಯುವವರು ಅವರೊಬ್ಬರೇ. ಬರಿಮೈಯಲ್ಲಿ ಎದುರುಬದುರು ನಿಂತ ಇಬ್ಬರು ಗಂಡಸರನ್ನು ಒಮ್ಮೆ ನೋಡಿ, ಆಮೇಲೆ ಬರುತ್ತೇನೆ ಎಂದು ಬಾಗಿಲು ಎಳೆದುಕೊಂಡು ಹೋದರು. ಕಾನ್‌ಸ್ಟೆಬಲ್ ಮೀಸೆಯ ಕೆಳಗೆ ಮುಖವೆಲ್ಲ ಕೆಂಪಾಗಿ ನಿಂತಿದ್ದ.

“ಅವರಿಗೆ ಗೊತ್ತಾ ನಿಮ್ಮದು?”

“ಚಿತ್ರ ತೆಗೆದವರೇ ಅವರು.”

ಬಾಗಿಲ ಕಡೆ ನೋಡಿದ. “ನೋವಾಗುತ್ತಾ?”

“ಆಗುತ್ತೆ,” ಎಂದೆ. “ನಾನೂ ಬರ್ತೀನಿ, ಜೊತೆಗೆ ಕೂತ್ಕೋತೀನಿ. ಬೆಂಚಲ್ಲಿ ಜಾಗ ಮಾಡಿಕೊಡ್ತಾರೆ.”

ಅವನ ಎದೆಯ ಚಿತ್ರ ತೆಗೆದೆ. ಶ್ವಾಸಕೋಶ ಚೆನ್ನಾಗಿದೆ. ಡಾಕ್ಟರಮ್ಮನಿಗೆ ಒಂದು ಚೀಟಿ ಬರೆದು ಅವನ ಕೈಗೆ ಕೊಟ್ಟು ಮೇಲೆ ಕಳಿಸಿದೆ, ಅವರು ನೋಡಿ ಸಿಸ್ಟರ್ ಹತ್ತಿರ ನಾಳೆ ಹತ್ತು ಗಂಟೆಗೆ ಸಮಯ ಗೊತ್ತು ಮಾಡಿದರು. ನನ್ನ ಪಾಳಿ ಆ ಹೊತ್ತಿಗೆ ಇರುವುದರಿಂದ ಅರ್ಧ ದಿನದ ರಜೆಗೆ ಅರ್ಜಿ ತುಂಬಿದೆ. ‘ಕಾರಣ’ ಎಂಬಲ್ಲಿ ಏನು ಬರೆಯಬೇಕೋ ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ಕೊನೆಗೆ ‘ಸ್ವಂತ ಕೆಲಸ’ ಎಂದು ಬರೆದೆ.